ನಾಲ್ಕನೇ ಜ್ವರದ ಭಾನುವಾರ

ನಮ್ಮ ಬಚ್ಚಲುಮನೆಯಲ್ಲಿ ಒಂದು ಹಳೆಯ ಸ್ಟೀಲ್ ಬಕೆಟ್ ಇದೆ. ತಳ ಒಂದು ಕಡೆ ತಗ್ಗಿಹೋಗಿರುವುದರಿಂದ ನೀರು ತುಂಬಿಸಿದರೆ ಸ್ವಲ್ಪ ಓಲಾಡಿ ಆಮೇಲೆ ನಿಲ್ಲುತ್ತದೆ. ಮೊನ್ನೆ ಸೊಸೆ, "ಅತ್ತೆ, ಇದನ್ನ ಪಾತ್ರೆಯವನಿಗೆ ಹಾಕ್ಬಿಡ್ಲಾ? ಒಂದು ಡಬ್ಬ ಆದ್ರೂ ಕೊಡ್ತಾನೆ" ಅಂದಳು. ಬೇಡ ಅಂದೆ. ಯಾಕೆ ಅಂತ ಕೇಳಿದಳು. ಹೇಳಲು ಬಾಯಿ ತೆರೆದವಳಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಸುಸ್ತಾಯಿತು. "ಆಮೇಲೆ ಹೇಳ್ತೀನಿ ಕಣಮ್ಮ" ಅಂದು ಹೋಗಿ ಮಲಗಿಬಿಟ್ಟೆ. ಅವಳಿಗೆ ಹೇಳಲಾಗದ್ದನ್ನು ಈಗ ನಿಮಗೆ ಹೇಳುತ್ತಿದ್ದೇನೆ. ನೀವು ನಡುವೆ ಬಾಯಿ ಹಾಕುವುದಿಲ್ಲವಲ್ಲ, ಅದೊಂದು ಅನುಕೂಲ.

ಸುಸ್ತಿನ ವಿಷಯದಲ್ಲಿ ನಾನು ಅನುಭವಸ್ಥೆ. ಮಾಲೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬಂದು, ಕಚೇರಿಯೊಂದರಲ್ಲಿ ಟೈಪು ಕುಟ್ಟಿ ನಿವೃತ್ತಳಾದವಳು. ಬಾಗಿಲ ಹತ್ತಿರ ನಿಂತುಕೊಂಡೇ ನಿದ್ದೆ ಹೋಗಿ, ನಮ್ಮ ಸ್ಟೇಷನ್ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಬಿಡುತ್ತಿದ್ದೆ. ಜೊತೆಯ ಹೆಂಗಸರು ಅದನ್ನು ಒಂದು ವಿದ್ಯೆ ಅಂತಲೇ ಮೆಚ್ಚುತ್ತಿದ್ದರು. ಆ ವಿದ್ಯೆ ನನ್ನ ಸ್ವಂತದ್ದಲ್ಲ, ಅಮ್ಮನಿಂದ ಬಂದದ್ದು. ಅಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾ ಹಾಕುತ್ತಾ ನಿದ್ದೆ ಮಾಡುತ್ತಿದ್ದಳು. ಕಣ್ಣು ಮುಚ್ಚಿರುತ್ತಿತ್ತು, ಕೈ ಮಾತ್ರ ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಹೋಗುತ್ತಿತ್ತು.

ನಮ್ಮದು ಕೋಲಾರದ ಹತ್ತಿರ ಹುತ್ತೂರು ಕಡೆಯ ಒಂದು ಸಣ್ಣ ಊರು. ರಾಗಿ, ಟೊಮ್ಯಾಟೊ, ಹಿಪ್ಪುನೇರಳೆ ಸೊಪ್ಪು, ಇಷ್ಟೇ ನಮ್ಮ ಪ್ರಪಂಚ. ಆಗ ನರಸಾಪುರದಲ್ಲಿ ಕಾರ್ಖಾನೆ ಇರಲಿಲ್ಲ, ಕಂಪನಿ ಬಸ್ಸೂ ಇರಲಿಲ್ಲ. ಶಿಫ್ಟ್ ಲೆಕ್ಕದ ಕೆಲಸ ಇದ್ದದ್ದು ನಮ್ಮ ಹುಳಮನೆಯಲ್ಲೇ. ರೇಷ್ಮೆ ಹುಳ ಸಾಕಿದವರಿಗೆ ಗೊತ್ತು, ಸಾಕದವರಿಗೆ ಹೇಳುತ್ತೇನೆ. ಅವು ದಿನಕ್ಕೆ ನಾಲ್ಕೈದು ಸಲ ತಿನ್ನುತ್ತವೆ. ಹೊತ್ತಿಗೆ ಸರಿಯಾಗಿ ಸೊಪ್ಪು ಕೊಯ್ದು, ತಂದು, ಹಾಕಬೇಕು. ಆದರೆ ಮೊಟ್ಟೆಯಿಂದ ಗೂಡಿನವರೆಗೆ ನಾಲ್ಕು ಸಲ ಅವು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಹಳೆಯ ಚರ್ಮ ಕಳಚಿ ಹೊಸದು ಬರುವ ಹೊತ್ತು ಅದು. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಹುಳಕ್ಕೆ ಜ್ವರ ಬಂದರೆ ಮನೆಮಂದಿಗೆ ರಜೆ. ನಾಲ್ಕನೇ ಜ್ವರ ಎಲ್ಲಕ್ಕಿಂತ ದೊಡ್ಡದು, ಒಂದು ದಿನಕ್ಕೂ ಮೀರಿ ಹೋಗುತ್ತದೆ. ಅದರಿಂದ ಹುಳ ಎದ್ದ ಮೇಲೆ ಮಾತ್ರ ಏಳೆಂಟು ದಿನ ಯಾರೂ ಸರಿಯಾಗಿ ಕೂತು ಉಂಡದ್ದಿಲ್ಲ, ನೆಟ್ಟಗೆ ಮಲಗಿದ್ದಿಲ್ಲ. ಸೊಪ್ಪು ಹೊತ್ತು ಹೊತ್ತು ಕುತ್ತಿಗೆ ಹಿಡಿದುಕೊಂಡಿರುತ್ತಿತ್ತು.

ಹುಳಮನೆಯ ಯಜಮಾನಿಕೆ ಅಮ್ಮನದು. ಅವಳ ಕಾನೂನು ಬಹಳ ಬಿಗಿ. ಕಾಲು ತೊಳೆದೇ ಒಳಗೆ ಬರಬೇಕು. ಸೀಮೆಎಣ್ಣೆ ಮುಟ್ಟಿದವರು ಬರಬಾರದು. ಮೀನು ಮುಟ್ಟಿದವರಂತೂ ಹೊಸಲಿನ ಹತ್ತಿರವೂ ಸುಳಿಯಬಾರದು. ವಾಸನೆ ತಾಕಿದರೆ ಹುಳ ಸೊಪ್ಪು ಬಿಡುತ್ತದೆ ಅನ್ನುವುದು ಅವಳ ನಂಬಿಕೆ. ಅಪ್ಪ ಬೀಡಿ ಸೇದಿ ಬಂದರೆ ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿದ್ದಳು. ಅಪ್ಪ ಅದಕ್ಕೆ ಬೇಸರ ಪಟ್ಟುಕೊಂಡದ್ದನ್ನು ನಾನು ನೋಡಿಲ್ಲ. ಸೊಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಅವರಿಗೆ ಬೀಡಿ ನೆನಪಾಗುತ್ತಿತ್ತು ಅನ್ನುವುದನ್ನು ಮಾತ್ರ ನೋಡಿದ್ದೇನೆ. ಅಪ್ಪ ಕೆಟ್ಟವರಲ್ಲ, ಹೊಲದಲ್ಲಿ ದುಡಿಯುತ್ತಿದ್ದರು. ಆದರೆ ಹುಳಮನೆಯ ವಿಷಯ ಬಂದರೆ, "ನನ್ನ ಕೈಯಲ್ಲೇನೈತೆ? ಎಲ್ಲಾ ನಿನ್ನ ಕೈಗುಣ ಕಣೇ" ಅಂತ ಅಮ್ಮನನ್ನು ಹೊಗಳಿ ಜಗಲಿ ಮೇಲೆ ಕಾಲು ಚಾಚುತ್ತಿದ್ದರು. ಆ ಹೊಗಳಿಕೆಗೆ ಅಮ್ಮ ಸೋತು ಹೋಗುತ್ತಿದ್ದಳು. ಈಗ ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಆಗ ಬರಲಿಲ್ಲ, ಯಾಕೆಂದರೆ ಅಮ್ಮನ ಕೈಗುಣವನ್ನು ಹೊಗಳಿ ತಪ್ಪಿಸಿಕೊಳ್ಳುವುದನ್ನು ನಾನೂ ಕಲಿತಿದ್ದೆ.

ಈ ಅಮ್ಮನಿಗೆ ಒಂದು ಚಟ ಇತ್ತು, ಗಾಳ ಹಾಕುವುದು. ಅವಳ ತವರು ಮುಳಬಾಗಿಲು ಕಡೆ. ಅವಳಪ್ಪ ಕೆರೆಯ ನೀರುಗಂಟಿ, ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ಕೆಲಸ. ಮಗಳು ಕೆರೆ ಏರಿಯ ಮೇಲೇ ಬೆಳೆದವಳು. ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದಳು. ಮೀನಿನ ಜೊತೆ, ಹಸುವಿನ ಜೊತೆ, ಸಿಟ್ಟು ಬಂದಾಗ ಅಪ್ಪನ ಜೊತೆ ತೆಲುಗು. ಊರಿನ ಬೇರೆ ಹೆಂಗಸರು ಸೀರೆ ಸೆರಗಲ್ಲಿ ಸಣ್ಣ ಮೀನು ಬಾಚಿಕೊಳ್ಳುತ್ತಿದ್ದರು, ಅದನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಗಂಡಸರ ಹಾಗೆ ಬಿದಿರು ಕಡ್ಡಿ ಹಿಡಿದು ಕೂರುವವಳು ಇವಳೊಬ್ಬಳೇ. ವರ್ಷಕ್ಕೆ ಎರಡು ಮೂರು ಸಲ ಕೂರುತ್ತಿದ್ದಳೇನೋ, ಅದೂ ಹುಳಕ್ಕೆ ಜ್ವರ ಬಂದಾಗ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು. ನನಗೆ ಇಪ್ಪತ್ತು. ಪಿಯುಸಿ ಮುಗಿಸಿ, ಕೋಲಾರಕ್ಕೆ ಹೋಗಿ ಟೈಪಿಂಗ್ ಕಲಿಯುತ್ತಿದ್ದೆ. ಆ ಸಲ ಮಳೆ ಚೆನ್ನಾಗಿ ಬಂದು ಪಕ್ಕದೂರಿನ ದೊಡ್ಡ ಕೆರೆ ತುಂಬಿತ್ತು. ಸಂಕ್ರಾಂತಿ ಕಳೆದ ಮೇಲೆ ಆ ಊರಿನ ಹುಡುಗರ ಸಂಘದವರು ಗಾಳದ ಪಂದ್ಯ ಇಟ್ಟರು. ಎಲ್ಲರಿಗಿಂತ ದೊಡ್ಡ ಒಂದೇ ಒಂದು ಮೀನು ಹಿಡಿದವರಿಗೆ ಸ್ಟೀಲ್ ಬಕೆಟ್. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಹನ್ನೆರಡರವರೆಗೆ. ಒಂದು ಗಾಳಕ್ಕೆ ಇಬ್ಬರು ಇರಬೇಕು, ಒಬ್ಬರು ಹಿಡಿಯುವುದಕ್ಕೆ, ಇನ್ನೊಬ್ಬರು ಸಾಕ್ಷಿಗೆ. ಕೋಲಾರದ ಸಂತೆಯಲ್ಲಿ ಮೀನು ಕೊಂಡು ಚೀಲದಲ್ಲಿ ಅಡಗಿಸಿ ತರುವವರು ಇದ್ದಾರೆ ಅನ್ನುವ ಅನುಮಾನ. ಸಾಕ್ಷಿ ಬೇರೆ ಮನೆಯವರಾಗಿರಬೇಕು ಅಂತ ಮಾತ್ರ ಆ ಹುಡುಗರಿಗೆ ಹೊಳೆದಿರಲಿಲ್ಲ.

ಪಂದ್ಯ ಭಾನುವಾರ. ಶನಿವಾರ ಬೆಳಗ್ಗೆ ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕೂತವು. ಅಪ್ಪ ತಟ್ಟೆಗಳನ್ನೆಲ್ಲ ನೋಡಿ, "ನಾಳೆ ಸಂಜೆಗಂಟ ಏಳಲ್ಲ ಬಿಡು" ಅಂತ ತೀರ್ಪು ಕೊಟ್ಟರು.

"ಹಂಗಾದ್ರೆ ನಾನು ಗಾಳಕ್ಕೆ ಹೋಗ್ತೀನಿ" ಅಂದಳು ಅಮ್ಮ.

ನನಗೆ ಅಳು ಬರುವುದೊಂದು ಬಾಕಿ. ಹದಿನೈದು ದಿನದಿಂದ ಅವಳ ಮುಖ ನೋಡುತ್ತಿದ್ದೆ. ಕಣ್ಣಿನ ಸುತ್ತ ಕಪ್ಪಾಗಿತ್ತು. ಹಿಂದಿನ ವಾರ ಸೊಪ್ಪಿನ ಹೊರೆ ಇಳಿಸಿದವಳು ಹಾಗೇ ಗೋಡೆ ಹಿಡಿದುಕೊಂಡು ಕೂತುಬಿಟ್ಟಿದ್ದಳು, ನೀರು ಕುಡಿಸಿದ ಮೇಲೆ ಎದ್ದಳು. ಇನ್ನು ಮುಂದಿನದು ಏಳೆಂಟು ದಿನದ ದೊಡ್ಡ ದುಡಿತ. ಈ ಒಂದು ದಿನ ಮಲಗದಿದ್ದರೆ ಇವಳು ಗೂಡು ಕಟ್ಟುವವರೆಗೆ ತಡೆಯುವುದಿಲ್ಲ ಅಂತ ನನಗೆ ನಿಜವಾಗಿ ಭಯವಾಗಿತ್ತು.

"ಸುಮ್ನೆ ಮಲಕ್ಕೋಮ್ಮ. ಮೀನು ಎಲ್ಲೂ ಹೋಗಲ್ಲ" ಅಂದೆ.

"ಮಲಗಾದು ಇದ್ದೇ ಐತೆ. ನೀನು ಸಾಕ್ಷಿಗೆ ಬತ್ತೀಯೋ ಇಲ್ವೋ ಅಷ್ಟು ಹೇಳು."

ಬೆಳಗ್ಗೆ ಮೂರು ಮೈಲಿ ನಡೆದೆವು. ಅವಳ ಕೈಯಲ್ಲಿ ಬಿದಿರು ಕಡ್ಡಿ, ನನ್ನ ಕೈಯಲ್ಲಿ ಕೊಡೆ, ರಾಗಿ ರೊಟ್ಟಿಯ ಗಂಟು, ಒಂದು ಬೆಂಕಿಪೊಟ್ಟಣ. ದಾರಿಯಲ್ಲಿ ತೆಗೆದು ನೋಡಿದರೆ ಅದರಲ್ಲಿ ನಮ್ಮದೇ ರೇಷ್ಮೆ ಹುಳ! ಎಲ್ಲ ಹುಳ ಜ್ವರಕ್ಕೆ ಕೂತಾಗ ಕೆಲವು ಹಿಂದುಳಿದವು ಇನ್ನೂ ಮೇಯುತ್ತಿರುತ್ತವೆ. ಅವನ್ನು ಆರಿಸಿ ತಿಪ್ಪೆಗೆ ಹಾಕುವುದು ವಾಡಿಕೆ. ಅಮ್ಮ ಆರಿಸಿದ್ದನ್ನು ತಿಪ್ಪೆಗೆ ಹಾಕದೆ ಬೆಂಕಿಪೊಟ್ಟಣಕ್ಕೆ ಹಾಕಿಕೊಂಡಿದ್ದಳು. "ನಿಮ್ಮಪ್ಪಂಗೆ ಹೇಳ್ಬೇಡ ಕಣೇ" ಅಂದಳು. ಹಗಲೂ ರಾತ್ರಿ ಎದ್ದು ನಾವು ಸೊಪ್ಪು ಹಾಕಿ ಬೆಳೆಸಿದ ಹುಳವನ್ನು ಮೀನು ತಿನ್ನುವುದು ನೋಡಬೇಕಲ್ಲ ಅಂತ ನನಗೆ ಒಂಥರಾ ಆಯಿತು. ಆದರೂ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಏರಿಯ ಮೇಲೆ ಮೈಕು ಕಟ್ಟಿದ್ದರು. ಸಂಘದ ಕಾರ್ಯದರ್ಶಿ ವೆಂಕಟೇಶಪ್ಪ ಹೆಸರು ಬರೆದುಕೊಳ್ಳುತ್ತಿದ್ದ. ಅಮ್ಮನನ್ನು ನೋಡಿ ಪೆನ್ನು ನಿಲ್ಲಿಸಿದ.

"ಯಜಮಾನ್ರು ಬರ್ಲಿಲ್ವಾ ಅಕ್ಕಾ?"

"ಅವ್ರಿಗೆ ಹುಳ ಕಾಯೋ ಕೆಲ್ಸ ಐತೆ. ಬರ್ಕೊಳಪ್ಪ, ನಾರಾಯಣಮ್ಮ ಅಂತ."

ಅವನು ಅತ್ತಿತ್ತ ನೋಡಿ, ಹೆಂಗಸರು ಬರಬಾರದು ಅಂತ ಎಲ್ಲೂ ಬರೆದಿಲ್ಲದ್ದರಿಂದ ಬರೆದುಕೊಂಡ. ನಮಗೆ ಸಿಕ್ಕಿದ್ದು ಜೊಂಡು ಬೆಳೆದ ಮೂಲೆ. ಪಕ್ಕದಲ್ಲಿ ಕೆಜಿಎಫ್ ಕಡೆಯಿಂದ ಬಂದಿದ್ದ ಮೀಸೆಯವರೊಬ್ಬರು, ಟೋಪಿ, ಮಡಚುವ ಕುರ್ಚಿ, ಚಕ್ರ ತಿರುಗಿಸಿ ದಾರ ಸುತ್ತುವ ಸೀಮೆ ಗಾಳ. ನಮ್ಮ ಬಿದಿರು ಕಡ್ಡಿಯನ್ನು ನೋಡಿ ನಕ್ಕು, ಪಾಪ, ನನಗೊಂದು ಪೆಪ್ಪರಮೆಂಟು ಕೊಟ್ಟರು.

ಅಮ್ಮ ಹುಳ ಚುಚ್ಚಿ ಜೊಂಡಿನ ಅಂಚಿಗೆ ಗಾಳ ಹಾಕಿದಳು. ಬೆಂಡು ನೀರಿನ ಮೇಲೆ ನಿಂತಿತು. "ನಮಗೆ ಜಿಲೇಬಿ ಬೇಡ" ಅಂದಳು. ಜಿಲೇಬಿ ಅಂದರೆ ನಮ್ಮ ಕಡೆ ಅಗಲವಾದ ಒಂದು ಜಾತಿ ಮೀನು, ಎಲ್ಲರ ಗಾಳಕ್ಕೂ ಬೀಳುವಂಥದ್ದು. "ಕೊರಮೀನು ಬೇಕು. ಅದು ಜೊಂಡಲ್ಲೇ ಇರಾದು. ಆದ್ರೆ ಅದ್ರ ಬುದ್ಧಿ ಬೇರೆ. ತಟ್ಟನೆ ನುಂಗಲ್ಲ. ಬಾಯಲ್ಲಿ ಇಟ್ಕೊಂಡು ಯೋಚ್ನೆ ಮಾಡ್ತದೆ. ಬೆಂಡು ಮುಳುಗ್ತು ಅಂತ ಎಳುದ್ರೆ ಉಗುದು ಹೊಂಟೋಗ್ತದೆ. ನೂರು ಎಣಿಸ್ಬೇಕು." ಆಮೇಲೆ ನೀರಿನ ಕಡೆ ತಿರುಗಿ ಬೇರೆ ದನಿಯಲ್ಲಿ, "ರಾವೇ ತಲ್ಲೀ, ರಾ" ಅಂದಳು. ಬಾರಮ್ಮ ತಾಯಿ ಬಾ, ಅಂತ. ನಮ್ಮನ್ನು ಅಷ್ಟು ಮೆತ್ತಗೆ ಯಾವತ್ತೂ ಕರೆದವಳಲ್ಲ.

ಮೊದಲ ಒಂದು ಗಂಟೆ ಏನೂ ಇಲ್ಲ. ಮೀಸೆಯವರು ಮಾತ್ರ ಸರ್ರನೆ ಎಳೆದು ಎಳೆದು ಜಿಲೇಬಿ ಗುಡ್ಡೆ ಹಾಕುತ್ತಿದ್ದರು. ಎರಡು ಸಲ ಅವರ ಗಾಳಕ್ಕೆ ದೊಡ್ಡದೇನೋ ಬಂದು, ಅವರು ಅವಸರದಲ್ಲಿ ಎಳೆದಾಗ ತಪ್ಪಿಸಿಕೊಂಡು ಹೋಯಿತು. ಬಿಸಿಲು ಏರಿತು. ನಾನು ಕೊಡೆ ಹಿಡಿದೆ. ಪಕ್ಕಕ್ಕೆ ತಿರುಗಿ ನೋಡಿದರೆ ಅಮ್ಮ ಮೊಣಕಾಲಿನ ಮೇಲೆ ಗಲ್ಲ ಊರಿಕೊಂಡು ನಿದ್ದೆ ಹೋಗಿದ್ದಾಳೆ. ಕಡ್ಡಿಯ ಬುಡ ಅವಳ ಪಾದದ ಕೆಳಗಿದೆ. ಬಾಯಿ ಸ್ವಲ್ಪ ತೆರೆದಿತ್ತು. ಅಷ್ಟು ದಿನದಲ್ಲಿ ಅವಳ ಕೈ ಎರಡೂ ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ನೋಡಿದೆ. ಕೊಡೆಯನ್ನು ಪೂರ್ತಿ ಅವಳ ಕಡೆ ವಾಲಿಸಿ ಉಸಿರು ಬಿಗಿಹಿಡಿದು ಕೂತೆ.

ಆಗ ಬೆಂಡು ಮುಳುಗಿತು.

ಸುಮ್ಮನೆ ಅಲ್ಲಾಡಿದ್ದಲ್ಲ. ಪೂರ್ತಿ ಒಳಗೆ ಹೋಗಿ, ದಾರ ನಿಧಾನವಾಗಿ ಜೊಂಡಿನ ಕಡೆ ಸರಿಯತೊಡಗಿತು. ಎಬ್ಬಿಸಬೇಕು. ಕೈ ಅವಳ ಭುಜದವರೆಗೆ ಹೋಯಿತು, ಹಿಂದಕ್ಕೆ ಬಂತು. ಮೀನು ಇನ್ನೊಂದು ಸಿಗುತ್ತದೆ, ಈ ನಿದ್ದೆ ಸಿಗುತ್ತದೆಯೇ? ಬಕೆಟ್ ಹೋದರೆ ಹೋಗಲಿ ಅಂದುಕೊಂಡೆ. ನಾನೇ ಎಳೆಯಬಹುದಿತ್ತು ಅಂತ ನಿಮಗೆ ಅನ್ನಿಸಬಹುದು. ಎಳೆಯಬೇಕಾದರೆ ಅವಳ ಪಾದ ಎತ್ತಬೇಕಿತ್ತು, ಜೊತೆಗೆ ನನಗೆ ಮೀನು ಕಂಡರೆ ಸ್ವಲ್ಪ ಹೆದರಿಕೆ. ನೂರಲ್ಲ, ಮುನ್ನೂರು ಎಣಿಸುವಷ್ಟು ಹೊತ್ತು ಹಾಗೇ ಕೂತಿದ್ದೆ. ಕೊನೆಗೆ ಪಾದದ ಕೆಳಗಿನ ಕಡ್ಡಿ ತಾನೇ ಜಾರತೊಡಗಿತು.

ಅಮ್ಮ ಬೆಚ್ಚಿ ಎದ್ದಳು. "ಸೊಪ್ಪು ಹಾಕಿದ್ಯೇನೇ?" ಅಂದಳು. ಅವಳ ಕಣ್ಣಿಗೆ ಇನ್ನೂ ತಟ್ಟೆಗಳೇ ಕಾಣುತ್ತಿದ್ದವೋ ಏನೋ. ಆಮೇಲೆ ಕಡ್ಡಿ ನೋಡಿದಳು. ನೀರಿಗೆ ಹೋಗುತ್ತಿದ್ದ ಅದನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಲು ಹೋಗದೆ, ಬೆನ್ನು ಹಿಂದೆ ಮಾಡಿಕೊಂಡು ಏರಿಯ ಮೇಲಕ್ಕೆ ಹೆಜ್ಜೆ ಹೆಜ್ಜೆಯಾಗಿ ನಡೆದಳು. ಬಾಯಲ್ಲಿ ತೆಲುಗು. ಮೊದಲು ಮುದ್ದಿನ ತೆಲುಗು, ಆಮೇಲೆ ಬೈಗುಳದ ತೆಲುಗು. ಕೊರಮೀನು ಕೆಸರಿಗೆ ಬಂದು ಬಿತ್ತು. ನನ್ನ ತೋಳಿನಷ್ಟು ಉದ್ದ, ಕಪ್ಪು ಮೈ. ಒಂದು ಸಲ ಎಗರಿ ಮತ್ತೆ ನೀರಿನ ಕಡೆ ಹೊರಟಿತು. ಅಮ್ಮ ಕಡ್ಡಿ ಬಿಸಾಡಿ ಅದರ ಮೇಲೆ ಬಿದ್ದಳು. ತಬ್ಬಿಕೊಂಡು, ಮೊಣಕೈವರೆಗೂ ಲೋಳೆ ಮಾಡಿಕೊಂಡು, ಗೋಣಿಚೀಲಕ್ಕೆ ತುರುಕಿ, ಚೀಲದ ಮೇಲೆ ಕೂತುಕೊಂಡಳು. ನಾನು ಆ ಹೊತ್ತಿಗೆ ಕೊಡೆಯ ಜೊತೆ ನಾಲ್ಕು ಮಾರು ಹಿಂದೆ ಇದ್ದೆ.

ಅಂಗಡಿಯಿಂದ ತಂದಿದ್ದ ತಕ್ಕಡಿಯಲ್ಲಿ ತೂಗಿದರು. ಎರಡೂಕಾಲು ಕೆಜಿ. ಹನ್ನೆರಡರವರೆಗೆ ಅದರ ಹತ್ತಿರ ಬಂದದ್ದು ಬೇರೊಂದಿಲ್ಲ. ಮೀಸೆಯವರು ಟೋಪಿ ತೆಗೆದು, "ಏನಮ್ಮಾ ತಾಳ್ಮೆ ನಿಮ್ದು! ನಾನು ನೋಡ್ತಾನೇ ಇದ್ದೆ. ಬೆಂಡು ಮುಳುಗಿ ಅಷ್ಟೊತ್ತಾದ್ರೂ ಕಡ್ಡಿ ಮುಟ್ಟಲಿಲ್ವಲ್ಲ ನೀವು!" ಅಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ಕೆರೆ ನೋಡಿದೆ. ಮೈಕಿನಲ್ಲಿ ಎರಡು ಮಾತು ಆಡಿ ಅಂತ ವೆಂಕಟೇಶಪ್ಪ ಒತ್ತಾಯ ಮಾಡಿದ. ಅಮ್ಮ ಮೈಕನ್ನು ದೂರದಿಂದಲೇ ನೋಡಿ, "ಮೀನಿಗೆ ಟೈಮು ಕೊಡ್ಬೇಕು. ನಮ್ ಹುಳ ಜ್ವರದಿಂದ ಏಳೋ ಹೊತ್ತಾಗ್ತದೆ, ನಾವು ಹೋಗ್ಬೇಕು" ಅಂದಳು. ಜನ ಚಪ್ಪಾಳೆ ತಟ್ಟಿದರು. ನನ್ನ ಜೀವಮಾನದಲ್ಲಿ ಅಮ್ಮನಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ. ನನಗೆ ಹೆಮ್ಮೆಯಾಯಿತು, ಜೊತೆಗೆ ಸಂಕಟವೂ ಆಯಿತು.

ವಾಪಸು ಬರುವಾಗ ಬಕೆಟ್ ನನ್ನ ಕೈಯಲ್ಲಿ, ಚೀಲ ಅವಳ ಹೆಗಲಲ್ಲಿ. ಬಕೆಟ್ಟನ್ನು ಒಂದು ಕಲ್ಲಿಗೆ ತಾಗಿಸಿ ಅಲ್ಲೇ ತಳ ತಗ್ಗು ಮಾಡಿದ್ದೂ ನಾನೇ. ಅವಳು ಬಯ್ಯಲಿಲ್ಲ, ಅಷ್ಟು ಆಯಾಸವಾಗಿತ್ತು. "ಅದೇ ನಿದ್ದೇನ ಮನೇಲೇ ಮಾಡಿದ್ರೆ ಆಗ್ತಿರ್ಲಿಲ್ವೇನಮ್ಮಾ? ಮೂರು ಮೈಲಿ ನಡೆದು ಬಂದು ಮಾಡ್ಬೇಕಿತ್ತಾ?" ಅಂದೆ.

ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಮನೇಲಿ ಕೂತಿದ್ರೆ, ಸುಮ್ನೆ ಕೂತವ್ಳೆ ಅಂತಾರೆ. ನಂಗೂ ಹಂಗೇ ಅನ್ಸುತ್ತೆ. ಎದ್ದು ಏನಾದ್ರೂ ಮಾಡ್ತೀನಿ. ಇಲ್ಲಿ ಕೂತ್ರೆ, ಮೀನು ಹಿಡೀತಾವ್ಳೆ ಅಂತಾರೆ. ಯಾರೂ ಏಳು ಅನ್ನಲ್ಲ ನೋಡು" ಅಂದಳು.

ಅಮ್ಮ ಹೋಗಿ ಹತ್ತು ವರ್ಷವಾಯಿತು. ಈ ಮಾತು ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ. ಮಗ ಸೊಸೆ ಮನೆಯಲ್ಲಿರುವಾಗ ಮಧ್ಯಾಹ್ನ ಮಲಗಬೇಕಾದರೆ ಇವತ್ತಿಗೂ ನಾನು ಪಕ್ಕದಲ್ಲಿ ಒಂದು ಪುಸ್ತಕ ತೆರೆದಿಟ್ಟುಕೊಳ್ಳುತ್ತೇನೆ.

ಮನೆ ತಲುಪಿದಾಗ ಮೂರು ಗಂಟೆ. ಅಪ್ಪ ಅಂಗಳದಲ್ಲಿ ನಿಂತು ದಾರಿ ನೋಡುತ್ತಿದ್ದರು. ಬಕೆಟ್ಟೂ ಕಾಣಲಿಲ್ಲ ಅವರಿಗೆ, ಮೀನೂ ಕಾಣಲಿಲ್ಲ.

"ಹುಳ ಎದ್ಬುಟ್ಟವೆ ಕಣೇ! ಬಿಸ್ಲಿಗೆ ಬೇಗ ಎದ್ಬುಟ್ಟವೆ. ತಲೆ ಆಡಿಸ್ಕೊಂಡು ಸೊಪ್ಪು ಹುಡುಕ್ತಾವೆ. ಬಾ ಬೇಗ!"

ಅಮ್ಮ ಚೀಲ ಕೆಳಗೆ ಹಾಕಿ ಹುಳಮನೆಗೆ ಓಡಿದಳು. ಹೊಸಲಿನ ಮುಂದೆ ಹೋಗಿ ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತುಬಿಟ್ಟಳು. ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಮೊಣಕೈವರೆಗೂ ಮೀನು. ಅವಳದೇ ಕಾನೂನು.

"ತೊಳ್ಕೊಂಡು ಬಾ, ಅಷ್ಟರಲ್ಲಿ ನಾನು ಶುರು ಮಾಡ್ತೀನಿ" ಅಂದರು ಅಪ್ಪ, ಬೇರೆ ದಾರಿ ಕಾಣದೆ. ಅವತ್ತು ಮಧ್ಯಾಹ್ನವೆಲ್ಲ ಮಲಗಿ ಎದ್ದಿದ್ದರಿಂದ ಬೀಡಿಯನ್ನೂ ಸೇದಿರಲಿಲ್ಲ, ಅದು ಅವರ ದುರದೃಷ್ಟ. ಅಪ್ಪನ ಕೈಯಿಂದ ಸೊಪ್ಪು ತಿಂದ ಹುಳ ಮುನಿಸಿಕೊಳ್ಳಲಿಲ್ಲ, ಆ ಸಲ ಗೂಡು ಚೆನ್ನಾಗಿಯೇ ಬಂತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಹುಳದ ಚಿಂತೆಯಲ್ಲೇ ಇರುತ್ತೀರಿ. ಮೀನನ್ನು ಚೀಲದ ಸಮೇತ ಎದುರುಮನೆಯವರಿಗೆ ಕೊಟ್ಟು, ಸಾರು ಮಾಡಿ ಅರ್ಧ ಕೊಡಿ ಅಂದೆವು.

ನಾನು ಬಾವಿ ಕಟ್ಟೆಯಲ್ಲಿ ಅಮ್ಮನ ಕೈಗೆ ನೀರು ಹುಯ್ದೆ. ಮೊದಲು ಬೂದಿ. ಆಮೇಲೆ ಹುಣಸೆಹಣ್ಣು. ಆಮೇಲೆ ಸೀಗೆಪುಡಿ. ಕೊನೆಗೆ ಹಿಪ್ಪುನೇರಳೆ ಸೊಪ್ಪನ್ನೇ ಹಿಸುಕಿ ಉಜ್ಜಿದಳು. ಉಜ್ಜಿ ಉಜ್ಜಿ ಕೈ ಕೆಂಪಾಯಿತು. ಉಜ್ಜುವಾಗಲೇ ಅವಳ ರೆಪ್ಪೆ ಮುಚ್ಚಿ ಮುಚ್ಚಿ ಬರುತ್ತಿತ್ತು. ಒಳಗಿನಿಂದ ಅಪ್ಪ ತಟ್ಟೆ ಎಳೆಯುವ ಸದ್ದು.

ಎರಡೂ ಅಂಗೈಯನ್ನು ನನ್ನ ಮೂಗಿನ ಹತ್ತಿರ ತಂದಳು. "ನೋಡೇ, ಹೋಯ್ತಾ?"

ಹೋಗಿತ್ತು. ಸೀಗೆ, ಹಸಿ ಸೊಪ್ಪು, ಅದರ ಕೆಳಗೆ ಅಮ್ಮನ ವಾಸನೆ, ಅಷ್ಟೇ.

"ಇಲ್ಲ ಕಣಮ್ಮಾ, ಇನ್ನೂ ಹೊಡೀತದೆ" ಅಂದೆ.

ಅವಳು ನನ್ನನ್ನೇ ನೋಡಿದಳು. ಚೆಂಬಿನ ಕಡೆ ಕೈ ಚಾಚಿದವಳು ಅರ್ಧದಲ್ಲೇ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಅಪ್ಪ ಯಾವಾಗಲೂ ಕಾಲು ಚಾಚುತ್ತಿದ್ದ ಜಗಲಿಯ ಮೇಲೆ ಉರುಳಿಕೊಂಡಳು. ನಾನು ಸೊಪ್ಪಿನ ಕುಕ್ಕೆ ಎತ್ತಿಕೊಂಡು ಹುಳಮನೆಗೆ ಹೊರಟೆ. ಮೀನು ಮುಟ್ಟದವಳು ನಾನೊಬ್ಬಳೇ ತಾನೇ.

"ಏನೇ, ವಾಸ್ನೆ ಹೋಯ್ತಾ?" ಅಪ್ಪ ಒಳಗಿನಿಂದ ಕೂಗಿದರು.

ಅಮ್ಮ ಕಣ್ಣು ಬಿಡಲಿಲ್ಲ. ಬಲಗೈಯನ್ನು ಮೂಗಿನ ಹತ್ತಿರ ತಂದು ನಿಧಾನವಾಗಿ ಮೂಸಿ ನೋಡಿಕೊಂಡಳು. ಇನ್ನೊಂದು ಸಲ ನೋಡಿಕೊಂಡಳು.

"ಇಲ್ಲ ಕಣ್ರೀ. ಇನ್ನೂ ಐತೆ" ಅಂದು, ಆ ಕೈಯನ್ನೇ ತಲೆಗೆ ದಿಂಬು ಮಾಡಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.